ಎತ್ತರದ ಲೆಕ್ಕ

ನಮ್ಮ ಕಡೆಯ ಜನಕ್ಕೆ ಎತ್ತರ ಅಂದರೆ ಬೆಟ್ಟ ನೆನಪಾಗುವುದಿಲ್ಲ, ಅಂಕಿ ನೆನಪಾಗುತ್ತದೆ. ಬೀಳಗಿ ತಾಲೂಕಿನ ಹೊಳೆದಂಡೆಯ ಯಾವುದಾದರೂ ಊರಿಗೆ ಹೋಗಿ, ಚಹಾದಂಗಡಿ ಮುಂದಿನ ಕಟ್ಟೆಯ ಮೇಲೆ ಕೂತವರನ್ನು ಎವರೆಸ್ಟ್ ಎಷ್ಟು ಎತ್ತರ ಎಂದು ಕೇಳಿದರೆ ತಲೆ ಕೆರೆದುಕೊಂಡಾರು. 519.60 ಅಂದರೇನು ಎಂದು ಕೇಳಿ ನೋಡಿ, ಶಾಲೆಯ ಮುಖ ಕಾಣದ ಮುದುಕಿಯೂ ಉತ್ತರ ಹೇಳುತ್ತಾಳೆ. ಆಲಮಟ್ಟಿ ಜಲಾಶಯದಲ್ಲಿ ಈಗ ನೀರು ನಿಲ್ಲುವ ಗರಿಷ್ಠ ಮಟ್ಟ ಅದು, ಸಮುದ್ರಮಟ್ಟದಿಂದ ಮೀಟರುಗಳಲ್ಲಿ. 2000ದಲ್ಲಿ ಸುಪ್ರೀಂ ಕೋರ್ಟು ಅಷ್ಟಕ್ಕೆ ಒಪ್ಪಿತು. 524.256 ಅಂದರೆ 2010ರಲ್ಲಿ ನ್ಯಾಯಮಂಡಳಿ ಒಪ್ಪಿದ, ಇನ್ನೂ ಬಾರದ ಮಟ್ಟ. ಈ ಎರಡು ಅಂಕಿಗಳ ನಡುವಿನ ನಾಲ್ಕೂವರೆ ಮೀಟರು ಚಿಲ್ಲರೆಯಲ್ಲಿ ನಮ್ಮ ಕಡೆಯ ಎಷ್ಟೋ ಮನೆಗಳ ಮಾತುಕತೆ ಸಿಕ್ಕಿಕೊಂಡಿದೆ. ಹೊಸ ಬಾವಿ ತೋಡಿಸಲೋ ಬೇಡವೋ, ಗೋಡೆಗೆ ಗಿಲಾವು ಮಾಡಿಸಲೋ ಬೇಡವೋ, ಆ ಊರಿಗೆ ಹೆಣ್ಣು ಕೊಡಲೋ ಬೇಡವೋ ಎಂಬ ಮಾತುಗಳೆಲ್ಲ.

ಇಂಥ ಕಡೆಯಿಂದ ಹೊರಟ ನಾನು, ಬೆನ್ನಿಗೊಂದು ಚೀಲ ಹಾಕಿಕೊಂಡು, ಮೂರು ವಾರ 3,400 ಮೀಟರಿನ ಎತ್ತರದಲ್ಲಿ ಅಲೆದು ಬಂದೆ. ಪೆರು ದೇಶದ ಆಂಡಿಸ್ ಪರ್ವತಗಳಲ್ಲಿ, ಇಂಕಾ ಜನ ಕಟ್ಟಿ ಬಿಟ್ಟುಹೋದ ಊರುಗಳನ್ನು ನೋಡಲು. ಆ ಪ್ರವಾಸದ ಬಗ್ಗೆ ಬರೆಯಬೇಕೆಂದು ಕೂತಾಗಲೆಲ್ಲ ನನಗೆ ಮೊದಲು ನೆನಪಾಗುವುದು ಮಾಚು ಪಿಚ್ಚು ಅಲ್ಲ, ಹೊರಡುವುದಕ್ಕೆ ಕೆಲವೇ ದಿನ ಮೊದಲು ಬಂದ ಒಂದು ಫೋನು.

ನಮ್ಮಪ್ಪ ಬನಹಟ್ಟಿಯ ನೇಕಾರ. ರಬಕವಿ-ಬನಹಟ್ಟಿ ಅಂದರೆ ಮಗ್ಗದ ಸದ್ದು. ಅದು ನಿಂತರೆ ನಮಗೆ ನಿದ್ದೆ ಬರುತ್ತಿರಲಿಲ್ಲ. ಅವ್ವನ ತವರು ಬೀಳಗಿ ತಾಲೂಕಿನಲ್ಲಿ ಕೃಷ್ಣೆಯ ದಂಡೆಗಿದ್ದ ಒಂದು ಸಣ್ಣ ಊರು. ಬೇಸಿಗೆ ಸೂಟಿ ಬಿಟ್ಟ ಮರುದಿನವೇ ಜಮಖಂಡಿಯಲ್ಲಿ ಬಸ್ಸು ಬದಲಿಸಿ ಅಲ್ಲಿಗೆ ಓಡುತ್ತಿದ್ದೆವು. ಅಲ್ಲಿ ನಮ್ಮ ಆಯಿ ಇದ್ದಳು, ಅವ್ವನ ತಾಯಿ. ಮಣ್ಣಿನ ಮಾಳಿಗೆಯ ಮನೆ, ಹೊಸ್ತಿಲು ದಾಟಲು ನನ್ನಂಥ ಹುಡುಗಿಗೆ ಕಾಲು ಎತ್ತಿ ಇಡಬೇಕಾದಷ್ಟು ದೊಡ್ಡ ಬಾಗಿಲು, ಹಿತ್ತಲಲ್ಲಿ ಹುಣಸೆಮರ, ಆಚೆಗೆ ಹೊಳೆ.

ಆ ಊರು ಮುಳುಗಿದಾಗ ನನಗೆ ಹನ್ನೊಂದೋ ಹನ್ನೆರಡೋ. ಊರು ಮುಳುಗುವುದೆಂದರೆ ಸಿನಿಮಾದಲ್ಲಿ ತೋರಿಸಿದಂತೆ ರಾತ್ರೋರಾತ್ರಿ ನೀರು ನುಗ್ಗುವುದಲ್ಲ. ನೀರು ಬರುವ ಮೊದಲೇ ಜನರೇ ತಮ್ಮ ಊರನ್ನು ಬಿಚ್ಚುತ್ತಾರೆ. ಮಾಮಾ ಮಾಳಿಗೆಯ ಮಣ್ಣು ಕೆದರಿ ಜಂತಿಗಳನ್ನು ಒಂದೊಂದಾಗಿ ಇಳಿಸಿದ. ತೊಲೆ, ಕಂಬ, ಕಿಟಕಿ, ಕಡೆಗೆ ಆ ದೊಡ್ಡ ಬಾಗಿಲನ್ನು ಚೌಕಟ್ಟಿನ ಸಮೇತ ಕಿತ್ತು ಟ್ರ್ಯಾಕ್ಟರಿಗೆ ಹೇರಿದ. ಮನೆ ಅಂದರೆ ನಾಲ್ಕು ಬೋಳು ಗೋಡೆ, ಮೇಲೆ ಆಕಾಶ. ಅಷ್ಟಾದ ಮೇಲೆ ಆಯಿ ಕಸಬರಿಗೆ ತಗೊಂಡು ಒಳಗೆ ಹೋದಳು. ಗುಡಿಸಿದಳು. ಸೆಗಣಿ ಕಲಸಿ ನೆಲ ಸಾರಿಸಿದಳು. ಬಾಗಿಲಿಲ್ಲದ ಬಾಗಿಲಿನ ಮುಂದೆ ರಂಗೋಲಿ ಹಾಕಿದಳು.

"ಮುಳಗೂ ಮನಿ ಯಾಕ ಸಾರಸ್ತೀರಿ ಅತ್ತಿ?" ಅಂದಳು ಮಾಮಿ.

"ಗಂಗವ್ವ ಮನೀಗೆ ಬರಾಕತ್ತಾಳ. ಹೊಲಸು ಮನೀಗೆ ಕರೀಲೇನು?" ಅಂದಳು ಆಯಿ.

ಈಗ ಆಯಿಗೆ ಎಂಬತ್ತೆರಡು. ಪುನರ್ವಸತಿ ಕೇಂದ್ರದ ಸಣ್ಣ ಮನೆಯಲ್ಲಿ ಮಾಮಾನ ಜೊತೆ ಇದ್ದಾಳೆ. ಆ ಮನೆಗೆ ಹಳೆಯ ಊರಿನ ಬಾಗಿಲನ್ನೇ ಕೂರಿಸಿದ್ದಾರೆ. ಗೋಡೆಗಿಂತ ಬಾಗಿಲೇ ದೊಡ್ಡದಾಗಿ, ಸಣ್ಣ ಮುಖಕ್ಕೆ ದೊಡ್ಡ ಮೂಗಿನಂತೆ ಕಾಣುತ್ತದೆ.

ಆ ವರ್ಷ ಮೇ ತಿಂಗಳಲ್ಲಿ ಆಯಿ ಫೋನ್ ಮಾಡಿಸಿದಳು. "ತಂಗಿ, ಈ ಸಲ ನೀರು ಭಾಳ ಕೆಳಗ ಇಳದೈತಂತ. ನಮ್ಮೂರು ಕಾಣಾಕತ್ತೈತಂತ. ಒಂದ್ಸಲ ಕರಕೊಂಡ ಹೋಗಿ ತೋರಸವಾ."

ನಾನು ಬೆಂಗಳೂರಿನ ಆಫೀಸಿನಲ್ಲಿದ್ದೆ. ರಜೆಗಳನ್ನೆಲ್ಲ ಪೆರುವಿಗಾಗಿ ಕೂಡಿಟ್ಟಿದ್ದೆ. "ಅಲ್ಲೇನೈತಿ ಆಯಿ, ಬರೀ ಕಲ್ಲು. ಬಿಸಲಾಗ ಯಾಕ ಹೋಗ್ತಿ?" ಅಂದೆ.

"ಹೌದಲಾ. ಬರೀ ಕಲ್ಲು," ಅಂದಳು. ಸಿಟ್ಟಿನಿಂದಲ್ಲ, ಒಪ್ಪಿಕೊಂಡವರ ದನಿಯಲ್ಲಿ. ಅದು ನನಗೆ ಆಗ ಕೇಳಿಸಲಿಲ್ಲ.

*

ಲಿಮಾದಿಂದ ಕುಸ್ಕೋಗೆ ವಿಮಾನದಲ್ಲಿ ಒಂದೂವರೆ ತಾಸು. ಸಮುದ್ರದ ದಂಡೆಯಿಂದ ಎತ್ತಿ ಒಮ್ಮೆಲೇ 3,400 ಮೀಟರಿನ ಮೇಲೆ ಕೂಡ್ರಿಸಿದರೆ ದೇಹ ಸುಮ್ಮನಿರುವುದಿಲ್ಲ. ಮೊದಲ ದಿನ ತಲೆಯೊಳಗೆ ಯಾರೋ ಹಣಿಗೆ ಬಡಿಯುತ್ತಿರುವಂತೆ ನೋವು. ಉಳಿದುಕೊಂಡ ಹಾಸ್ಟೆಲ್ಲಿನ ಹನ್ನೆರಡು ಮೆಟ್ಟಿಲು ಹತ್ತಲು ಎರಡು ಸಲ ಕೂತೆ. ಮನೆಯೊಡತಿ ಬಿಸಿನೀರಿಗೆ ಕೋಕಾ ಎಲೆ ಹಾಕಿ ಕೊಟ್ಟಳು. ಹಸಿ ಹುಲ್ಲಿನ ರುಚಿ. ಕುಡಿದು ಮಲಗಿದೆ.

ಮರುದಿನ ಓಣಿಗಳಲ್ಲಿ ನಡೆದೆ. ಕುಸ್ಕೋದ ಹಳೆಯ ಬೀದಿಗಳಲ್ಲಿ ಗೋಡೆಗಳಿಗೆ ಎರಡು ವಯಸ್ಸು. ಕೆಳಗೆ ಆಳೆತ್ತರದ ತನಕ ಇಂಕಾ ಜನರ ಕಲ್ಲು, ಮೇಲೆ ಸ್ಪೇನಿನವರು ಎಬ್ಬಿಸಿದ ಸುಣ್ಣದ ಗೋಡೆ, ಮರದ ಬಾಲ್ಕನಿ. ಇಂಕಾ ಕಲ್ಲುಗಳ ನಡುವೆ ಗಾರೆ ಇಲ್ಲ, ಮಣ್ಣಿಲ್ಲ. ಒಂದರ ಅಂಚಿಗೆ ಇನ್ನೊಂದರ ಅಂಚನ್ನು ಉಜ್ಜಿ ಉಜ್ಜಿ ಕೂಡಿಸಿದ್ದಾರೆ. ಹಾತುನ್ ರುಮಿಯೋಕ್ ಎಂಬ ಬೀದಿಯಲ್ಲಿ ಹನ್ನೆರಡು ಮೂಲೆಗಳಿರುವ ಒಂದು ಕಲ್ಲಿದೆ. ಹನ್ನೆರಡು ಕಡೆಯೂ ನೆರೆಯ ಕಲ್ಲುಗಳು ಅದಕ್ಕೆ ಒಗ್ಗಿ ನಿಂತಿವೆ. ಅದನ್ನು ಮುಟ್ಟುವಂತಿಲ್ಲ. ಮುಂದಿನ ಓಣಿಯಲ್ಲಿ ಯಾರೂ ನೋಡದ ಗೋಡೆಯೊಂದರ ಸಂದಿನ ಮೇಲೆ ಹೆಬ್ಬೆರಳು ಎಳೆದೆ. ಸೀರೆ ಇಳಿಸಿದ ಮೇಲೆ ಅಪ್ಪ ಹೀಗೆಯೇ ಹೆಬ್ಬೆರಳು ಎಳೆದು ಎಲ್ಲಿ ಹೊಕ್ಕು ಸಡಿಲವಾಗಿದೆ ಎಂದು ನೋಡುತ್ತಾನೆ. ಇಲ್ಲಿ ಸಡಿಲ ಸಿಗಲಿಲ್ಲ. 1950ರಲ್ಲಿ ದೊಡ್ಡ ಭೂಕಂಪವಾದಾಗ ಸಂತೋ ದೊಮಿಂಗೋ ಮಠದ ಗೋಡೆಗಳು ಬಿದ್ದವಂತೆ. ಅದರಡಿ ಮುಚ್ಚಿಹೋಗಿದ್ದ ಇಂಕಾ ಸೂರ್ಯದೇಗುಲದ ಗೋಡೆಗಳು ಹಾಗೆಯೇ ನಿಂತಿದ್ದವು.

ಊರಿನ ಮೇಲಿನ ಗುಡ್ಡದಲ್ಲಿ ಸಾಕ್ಸಾಯ್‌ವಾಮಾನ್ ಎಂಬ ದೈತ್ಯ ಕಲ್ಲುಗಳ ಕೋಟೆಯಂಥ ಕಟ್ಟಡವಿದೆ. ಎತ್ತಲಾಗದ ಕಲ್ಲುಗಳು ಮಾತ್ರ ಈಗ ಉಳಿದಿವೆ. ಎತ್ತಲಾಗುವಂಥವನ್ನು ಸ್ಪೇನಿನವರು ಕೆಳಗೆ ಒಯ್ದು ಚರ್ಚು, ಮನೆ ಕಟ್ಟಿಕೊಂಡರು. ಗೈಡು ಇದನ್ನು ಹೇಳುವಾಗ ಜೊತೆಗಿದ್ದವರೆಲ್ಲ ಛೆ ಅಂದರು. ನಾನು ಮಾಮಾನ ಟ್ರ್ಯಾಕ್ಟರು ನೆನೆದೆ. ಒಂದು ಊರಿನ ಕಲ್ಲು ಇನ್ನೊಂದು ಊರಾಗುವುದರಲ್ಲಿ ತಪ್ಪಿಲ್ಲ. ಒಯ್ದವರು ಯಾರು, ಬಿಟ್ಟವರು ಯಾರು ಎಂಬುದರಲ್ಲಿ ಎಲ್ಲ ಇದೆ.

*

ಅಲ್ಲಿನ ಊರಿಂದೂರಿಗೆ ವ್ಯಾನುಗಳು ಓಡುತ್ತವೆ. ಸೀಟು ತುಂಬುವ ತನಕ ಹೊರಡುವುದಿಲ್ಲ, ತುಂಬಿದ ಮೇಲೂ ನಾಲ್ಕು ಜನರನ್ನು ಹತ್ತಿಸಿಕೊಳ್ಳುತ್ತವೆ. ಮುಧೋಳದಲ್ಲಿ ಪಿಯುಸಿ ಓದುವಾಗ ಕ್ರೂಸರ್ ಗಾಡಿಗಳಲ್ಲಿ ಕಾಲು ಮಡಚಿ ಕೂತು ಬೆಳೆದ ನನಗೆ ಅದು ತವರಿನಂತೆಯೇ ಇತ್ತು. ಒಂದು ದಿನ ಹಾಗೆ ಚಿಂಚೇರೋಗೆ ಹೋದೆ. ಕುಸ್ಕೋಗಿಂತಲೂ ಎತ್ತರ, 3,760 ಮೀಟರಿನ ಆಸುಪಾಸು. ನೇಯ್ಗೆಗೆ ಹೆಸರಾದ ಊರು.

ಒಂದು ಅಂಗಳದಲ್ಲಿ ಹೆಂಗಸರು ನೇಯುತ್ತಿದ್ದರು. ಮಗ್ಗ ಅಂದರೆ ನಾಲ್ಕಾರು ಕೋಲು ಅಷ್ಟೆ. ಹಾಸಿನ ಒಂದು ತುದಿ ಕಂಬಕ್ಕೆ, ಇನ್ನೊಂದು ತುದಿ ನೇಯುವವಳ ನಡುವಿಗೆ. ಅವಳು ಹಿಂದಕ್ಕೆ ಒರಗಿದರೆ ಹಾಸು ಬಿಗಿ, ಮುಂದಕ್ಕೆ ಬಾಗಿದರೆ ಸಡಿಲ. ಅವಳ ಮೈಯೇ ಮಗ್ಗದ ಅರ್ಧ. ಬಣ್ಣದ ಕೆಂಪು ಪಾಪಾಸುಕಳ್ಳಿಯ ಮೇಲೆ ಬೆಳೆಯುವ ಹುಳುವಿನದು. ಒಣಗಿದ ಹುಳುವನ್ನು ಅಂಗೈಯಲ್ಲಿ ಒರೆಸಿದಳು, ಕುಂಕುಮ ಕಲಸಿದಂತಾಯಿತು. ನಿಂಬೆರಸ ಹಿಂಡಿದಳು, ಬಣ್ಣ ತಿಳಿಯಾಯಿತು. ಅವರ ಬಟ್ಟೆಯಲ್ಲಿ ಕಾಣುವ ಚಿತ್ತಾರವೆಲ್ಲ ಹಾಸಿನದು, ಹೊಕ್ಕು ಒಳಗೆ ಅಡಗಿರುತ್ತದೆ. ನನ್ನಪ್ಪ ಕುಣಿಮಗ್ಗದಲ್ಲಿ ಕೂರುವ ಚಿತ್ರ ಮೊಬೈಲಿನಲ್ಲಿ ತೋರಿಸಿದೆ. ನೆಲದಲ್ಲಿ ತೋಡಿದ ಕುಣಿ ನೋಡಿ ಅವರು ನಕ್ಕರು. ಒಬ್ಬಾಕೆ ಲಾಳಿಯನ್ನು ದೊಡ್ಡದು ಮಾಡಿ ನೋಡಿದಳು.

ಚೀಲದಲ್ಲಿ ಅವ್ವ ಕಟ್ಟಿಕೊಟ್ಟ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಇತ್ತು. ಹಂಚಿದೆ. ಶೇಂಗಾ, ಮೆಣಸಿನಕಾಯಿ ಎರಡೂ ಅವರ ಖಂಡದಿಂದಲೇ ಹಡಗು ಹತ್ತಿ ನಮ್ಮ ಕಡೆ ಬಂದಂಥವು. ಹಿಂಡಿಯನ್ನು ನೆಕ್ಕಿ ನೋಡಿದ ಮುದುಕಿ ಗುರುತು ಸಿಕ್ಕವಳಂತೆ ತಲೆಯಾಡಿಸಿದಳು. ರೊಟ್ಟಿಯನ್ನು ಮಾತ್ರ ಅನುಮಾನದಿಂದ ತಿರುಗಿಸಿ ತಿರುಗಿಸಿ ನೋಡಿದಳು.

*

ಓಲಂತಾಯ್‌ತಾಂಬೋ ಎಂಬ ಊರಿನಲ್ಲಿ ಐದು ದಿನ ಉಳಿದೆ. ಇಂಕಾ ಕಾಲದ ಬೀದಿಗಳಲ್ಲಿ ಜನ ಇವತ್ತಿಗೂ ಬಾಳುವೆ ಮಾಡುತ್ತಿರುವ ಊರು. ಒಂದು ಅಂಗಳದ ಸುತ್ತ ನಾಲ್ಕಾರು ಮನೆ, ಬೀದಿಗೆ ಒಂದೇ ಬಾಗಿಲು. ಕೆಳಗೆ ಅಗಲ, ಮೇಲೆ ಕಿರಿದಾದ ಕಲ್ಲಿನ ಚೌಕಟ್ಟು. ಬೀದಿಯ ಬದಿಗೆ ಕಲ್ಲಿನ ಕಾಲುವೆ, ಅದರಲ್ಲಿ ಬೆಟ್ಟದ ನೀರು ಹಗಲೂ ರಾತ್ರಿ ಹರಿಯುತ್ತದೆ. ರಾತ್ರಿ ಮಲಗಿದಾಗ ಆ ಸದ್ದು ಕೇಳುತ್ತ ಕೇಳುತ್ತ ನನಗೆ ಒಂದು ಬಗೆಯ ಹೊಟ್ಟೆಕಿಚ್ಚಾಯಿತು. ಇವರ ಮನೆಬಾಗಿಲಿಗೆ ಬಂದ ನೀರು ಮುಂದಕ್ಕೆ ಹೋಗುತ್ತದೆ. ಆಯಿ ರಂಗೋಲಿ ಹಾಕಿ ಕರೆದ ನೀರು ಬಂದು ಅಲ್ಲೇ ಕೂತುಬಿಟ್ಟಿತು.

ನಾನು ಉಳಿದ ಮನೆಯ ಹುಡುಗ ಕುಸ್ಕೋದಲ್ಲಿ ಕಾಲೇಜು ಓದುವವ, ಇಂಗ್ಲಿಷ್ ಬರುತ್ತಿತ್ತು. ಮನೆಯಲ್ಲಿ ಅವರ ಮಾತು ಕೆಚುವಾ. ಒಂದು ಸಂಜೆ ಅವನು ನನ್ನ ನೋಟ್‌ಬುಕ್ಕಿನಲ್ಲಿ ಬರೆದು ತೋರಿಸಿದ. ವಾಸಿ ಅಂದರೆ ಮನೆ. ವಾಸಿಕುನ, ಮನೆಗಳು. ವಾಸಿಕುನಪಿ, ಮನೆಗಳಲ್ಲಿ. ನಾನು ಬೆರಗಾದೆ. ನಮ್ಮ ಹಾಗೆಯೇ ಒಂದರ ಹಿಂದೊಂದು ಪ್ರತ್ಯಯ ಅಂಟಿಸಿಕೊಂಡು ಹೋಗುವ ಭಾಷೆ. ಕ್ರಿಯಾಪದ ಸಾಮಾನ್ಯವಾಗಿ ಕೊನೆಗೇ ಬರುತ್ತದೆ. ಆಮೇಲೆ ಅವನು ಹೇಳಿದ, "ನಮ್ಮಲ್ಲಿ 'ನಾವು' ಎರಡು. ನೊಖಾಂಚಿಸ್ ಅಂದರೆ ನೀನೂ ಸೇರಿ ನಾವು. ನೊಖಾಯ್ಕು ಅಂದರೆ ನಿನ್ನನ್ನು ಬಿಟ್ಟು ನಾವು." ಬೆಂಗಳೂರಿನಲ್ಲಿ ನನ್ನ ಜೊತೆ ಇರುವ ತೆಲುಗಿನ ಗೆಳತಿಯ ಮನಂ, ಮೇಮು ಕೂಡ ಹೀಗೆಯೇ. ನಮ್ಮಲ್ಲಿ ಒಂದೇ ಎಂದೆ. "ಹಾಗಾದರೆ ಯಾರನ್ನು ಸೇರಿಸಿಕೊಂಡಿರಿ ಎಂದು ಹೇಗೆ ಗೊತ್ತಾಗುತ್ತದೆ?" ಎಂದು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ.

ಅವನಿಂದಲೇ ಇನ್ನೊಂದು ಮಾತು ಕಲಿತೆ, ಮಿತ್ಮಾ. ಇಂಕಾ ದೊರೆಗಳು ಒಂದು ಸೀಮೆಯನ್ನು ಗೆದ್ದರೆ ಅಲ್ಲಿನ ಊರೂರನ್ನೇ ಎಬ್ಬಿಸಿ ದೂರದ ಇನ್ನೊಂದು ಸೀಮೆಗೆ ಸಾಗಿಸುತ್ತಿದ್ದರು. ಹಾಗೆ ಹೋದವರು ಮಿತ್ಮಾ ಜನ. ತಮ್ಮ ಊರಿನ ಉಡುಗೆಯನ್ನು, ತಲೆಯ ಮೇಲಿನ ಗುರುತನ್ನು ಅವರು ಬಿಡುವಂತಿರಲಿಲ್ಲ. ಆ ತನಕ ನಾನು ಇಂಕಾ ಜನರನ್ನು ಬರೀ ಸೋತವರೆಂದು ಮರುಗುತ್ತ ತಿರುಗುತ್ತಿದ್ದೆ. ಅವರೂ ಜನರನ್ನು ಕಿತ್ತು ನೆಟ್ಟವರೇ. ನಮ್ಮ ಪುನರ್ವಸತಿ ಕೇಂದ್ರದಲ್ಲಿ ಇಂದಿಗೂ ಯಾರ ಊರು ಯಾವುದು ಎಂದು ಕೇಳಿದರೆ ನೀರಿನೊಳಗಿನ ಊರಿನ ಹೆಸರೇ ಹೇಳುತ್ತಾರೆ. ಅವರ ತಲೆಯ ಮೇಲಿನ ಗುರುತು ಅದೊಂದೇ.

*

ಮಾಚು ಪಿಚ್ಚು ಕುಸ್ಕೋಗಿಂತ ಒಂದು ಸಾವಿರ ಮೀಟರು ಕೆಳಗಿದೆ, 2,430 ಮೀಟರು. ಬೆಟ್ಟದ ಬುಡದ ಊರಿನಿಂದ ಬಸ್ಸು ಸುತ್ತಿ ಸುತ್ತಿ ಮೇಲಕ್ಕೆ ಒಯ್ಯುತ್ತದೆ. ಟಿಕೆಟ್ಟಿನಲ್ಲಿ ಬರೆದ ಹೊತ್ತಿಗೆ ಒಳಗೆ ಹೋಗಬೇಕು, ಬಾಣ ತೋರಿಸಿದ ದಾರಿಯಲ್ಲೇ ನಡೆಯಬೇಕು. ನಾನು ಹೋದಾಗ ಮಂಜು. ಅರ್ಧ ತಾಸು ಏನೂ ಕಾಣಲಿಲ್ಲ. ಆಮೇಲೆ ಮಂಜು ಒಂದು ಕಡೆಯಿಂದ ಸರಿದು ಊರು ಕಂಡಿತು.

ಎಲ್ಲರೂ ಮೊಬೈಲು ಎತ್ತಿದರು. ನಾನು ಎತ್ತಲಿಲ್ಲ ಎಂದು ದೊಡ್ಡಸ್ತಿಕೆಗೆ ಹೇಳುತ್ತಿಲ್ಲ, ಕೈ ಬರಲಿಲ್ಲ. ಸಾಲು ಸಾಲು ಮನೆಗಳು, ಮಾಡಿಲ್ಲ. ಬಾಗಿಲ ಜಾಗವಿದೆ, ಬಾಗಿಲಿಲ್ಲ. ನಾಲ್ಕು ಬೋಳು ಗೋಡೆ, ಮೇಲೆ ಆಕಾಶ. ಚಿತ್ರಗಳಲ್ಲಿ ನೂರು ಸಲ ನೋಡಿದ್ದ ಜಾಗವನ್ನು ನಾನು ಅದಕ್ಕೂ ಮೊದಲೇ, ಹನ್ನೊಂದನೆಯ ವಯಸ್ಸಿನಲ್ಲಿ ಬೀಳಗಿ ತಾಲೂಕಿನಲ್ಲಿ ನೋಡಿದ್ದೆ. "ಬರೀ ಕಲ್ಲು" ಎಂದು ನಾನು ಹೇಳಿದ್ದು ನನ್ನದೇ ದನಿಯಲ್ಲಿ ಕಿವಿಗೆ ಬಿತ್ತು. ಬರೀ ಕಲ್ಲು ನೋಡಲು ನಾನು ಭೂಮಿಯ ಆಚೆ ಬದಿಗೆ ಬಂದಿದ್ದೆ.

ಗೈಡು ಹೇಳುತ್ತಿದ್ದ. ಹದಿನೈದನೆಯ ಶತಮಾನದಲ್ಲಿ ಪಚಾಕುತಿ ಎಂಬ ದೊರೆ ಇದನ್ನು ಕಟ್ಟಿಸಿದ. ಅಮೆರಿಕದ ಹಿರಾಮ್ ಬಿಂಗಮ್ 1911ರ ಜುಲೈ 24ರಂದು ಕಂಡುಹಿಡಿದ ಎಂದು ಪುಸ್ತಕಗಳು ಹೇಳುತ್ತವೆ. ಆದರೆ ಅವನಿಗೆ ದಾರಿ ತೋರಿಸಿದ್ದು ಮೆಲ್ಚೋರ್ ಆರ್ತೆಯಾಗ ಎಂಬ ಅಲ್ಲಿನ ರೈತ. ಮೇಲೆ ಹೋದಾಗ ಅಲ್ಲಿ ಒಕ್ಕಲು ಮನೆಯವರು ಇಂಕಾ ಪಾವಟಿಗೆಗಳ ಮೇಲೆ ಬೆಳೆ ತೆಗೆಯುತ್ತ ಇದ್ದರು. ಅವರ ಪೈಕಿ ಒಬ್ಬ ಹುಡುಗ ಬಿಂಗಮ್‌ನನ್ನು ಕರೆದೊಯ್ದು ಗೋಡೆಗಳನ್ನು ತೋರಿಸಿದ. ಅದಕ್ಕೂ ಮೊದಲೇ ಅಗುಸ್ತಿನ್ ಲಿಸಾರಾಗ ಎಂಬವನು ಒಂದು ಗೋಡೆಯ ಮೇಲೆ ತನ್ನ ಹೆಸರನ್ನೂ 1902 ಎಂಬ ಇಸವಿಯನ್ನೂ ಇದ್ದಿಲಿನಿಂದ ಬರೆದು ಹೋಗಿದ್ದ. ಬಿಂಗಮ್ ಅದನ್ನು ಓದಿದ್ದ. ಆಮೇಲೆ ಆ ಬರಹ ಅಳಿಸಿಹೋಯಿತು.

ದೊರೆ ಕಟ್ಟಿಸಿದ ಎಂದರೆ ಆಯಿ ಕೇಳುವ ಪ್ರಶ್ನೆ ನನಗೆ ಗೊತ್ತು: ಕಲ್ಲು ಹೊತ್ತವರು ಯಾರು? ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ 1989ರಲ್ಲಿ ರೈತರೇ ಹಣ ಕೂಡಿಸಿ, ತಾವೇ ಮೈಮುರಿದು ದುಡಿದು ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ಮುಂದೆ ನಿಂತ ಸಿದ್ದು ನ್ಯಾಮಗೌಡರಿಗೆ ಬ್ಯಾರೇಜ್ ಸಿದ್ದು ಎಂದೇ ಹೆಸರು ಬಿತ್ತು. ಅದರ ಕಲ್ಲು ಹೊತ್ತವರು ಯಾರೆಂದು ನಮ್ಮ ಕಡೆ ಇನ್ನೂ ಹೇಳುವವರಿದ್ದಾರೆ. ಅದೇ ಹೊಳೆ, ಅದೇ ನೀರು. ಅದರಿಂದಲೇ ನಮ್ಮ ನಾಲ್ಕು ತಾಲೂಕಿನ ಕಬ್ಬು, ಅದರಿಂದಲೇ ಸಕ್ಕರೆ ಕಾರ್ಖಾನೆ. ಆಲಮಟ್ಟಿಯ 123 ಟಿಎಂಸಿ ನೀರಿನಿಂದ ದೂರದ ಹೊಲಗಳು ಹಸಿರಾದದ್ದೂ ನಿಜ. ಆಯಿಯೂ ನೀರನ್ನು ಬೈದದ್ದು ನಾನು ಕೇಳಿಲ್ಲ. ಅವಳಿಗೆ ಬೇಕಿದ್ದದ್ದು ಇನ್ನೇನೋ. ನಮ್ಮ ಮುಧೋಳದ ನಾಯಿಗೆ ಒಂದು ಅಂಚೆಚೀಟಿ ಬಂತು. ಮುಳುಗಿದ ಆಯಿಯ ಊರಿಗೆ ದಂಡೆಯ ಮೇಲೆ ಒಂದು ಬೋರ್ಡೂ ಇಲ್ಲ.

*

ಜುಲೈ ಮೊದಲ ವಾರ ವಾಪಸು ಬಂದೆ. ಬಂದವಳೇ ಬೀಳಗಿಗೆ ಹೋದೆ. ಹೊಳೆಗೆ ಆಗಲೇ ಹೊಸ ನೀರು ಬಂದಿತ್ತು. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಜೋರಾದರೆ ಸಾಕು, ನಮ್ಮಲ್ಲಿ ಹನಿ ಬೀಳದಿದ್ದರೂ ಹಿನ್ನೀರು ಏರುತ್ತದೆ.

ಆಯಿ ಆ ದೊಡ್ಡ ಬಾಗಿಲಿಗೆ ಒರಗಿ ಕೂತಿದ್ದಳು. "ಅಟ್ಟ ದೂರ ಹೋಗಿ ಏನ್ ನೋಡಿ ಬಂದಿ ತಂಗಿ?"

"ಹಳೇ ಊರು ಆಯಿ. ಈಗ ಯಾರೂ ಇಲ್ಲ ಅಲ್ಲಿ. ಕಲ್ಲು."

"ಬರೀ ಕಲ್ಲೇನು?"

ಅವಳು ಚುಚ್ಚಲಿಕ್ಕೆ ಕೇಳಿದ್ದೋ, ಸುಮ್ಮನೆ ಕೇಳಿದ್ದೋ ಇಂದಿಗೂ ತಿಳಿಯದು. "ಮುಂದಿನ ಬ್ಯಾಸಗಿಗೆ ಕರಕೊಂಡ ಹೋಗ್ತೀನಿ" ಅಂದೆ. "ಇದ್ರ ಹೋಗೂಣಲಾ" ಅಂದಳು.

ಆ ವರ್ಷವಿಡೀ ನಾನು ಮೊಬೈಲಿನಲ್ಲಿ ಜಲಾಶಯದ ಮಟ್ಟ ನೋಡುತ್ತಿದ್ದೆ. ದೀಪಾವಳಿಗೆ ಆಯಿಗೆ ಜ್ವರ ಬಂದು ಬಾಗಲಕೋಟೆಯ ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದಳು. ಮಾಮಾ ಫೋನ್ ಮಾಡಿದಾಗಲೆಲ್ಲ ಎದೆ ಹೊಡೆದುಕೊಳ್ಳುತ್ತಿತ್ತು. ಜನವರಿ, ಫೆಬ್ರುವರಿ. ಅಂಕಿ ಇಳಿಯುತ್ತ ಬಂತು. ಆಯಿಯೂ ಇಳಿಯುತ್ತ ಬಂದಳು. ಯಾವುದು ಮೊದಲು ಎಂಬ ಲೆಕ್ಕ ನನ್ನೊಬ್ಬಳೊಳಗೇ ನಡೆದಿತ್ತು.

ಮೇ ಎರಡನೆಯ ವಾರ, ಬೆಳಗಿನ ಆರಕ್ಕೆ, ಮಾಮಾನ ಗಾಡಿಯಲ್ಲಿ ಹೊರಟೆವು. ಡಾಂಬರು ಮುಗಿದು, ಹಳೆಯ ದಾರಿ ಹಿನ್ನೀರಿನೊಳಗೆ ಇಳಿಯುವಲ್ಲಿ ಗಾಡಿ ನಿಲ್ಲಿಸಿದೆವು. ಬಿರಿದ ಕೆಸರು ಒಣಗಿ ಹಂಚಿನಂತಾಗಿತ್ತು. ಜಾಲಿ ಬೆಳೆದಿತ್ತು. ಆಯಿ ಒಂದು ಕೈ ನನ್ನ ಹೆಗಲ ಮೇಲೆ, ಒಂದು ಕೈ ಕೋಲಿನ ಮೇಲೆ ಇಟ್ಟು ನಡೆದಳು. ನೂರು ಹೆಜ್ಜೆಗೆ ಮೂರು ಸಲ ಕೂತಳು. ಕುಸ್ಕೋದ ಮೆಟ್ಟಿಲ ಮೇಲೆ ನಾನು ಕೂತಂತೆ.

ಆ ವರ್ಷ ನೀರು ಹಿಂದಿನ ವರ್ಷದಷ್ಟು ಇಳಿದಿರಲಿಲ್ಲ. ಮೇಲಿನ ಓಣಿಯ ಅಡಿಪಾಯಗಳು, ಗುಡಿಯ ಕಟ್ಟೆ, ಒಂದು ಬೀಸುಕಲ್ಲಿನ ಅರ್ಧ, ಇಷ್ಟು ಕಂಡವು. ಆಯಿಯ ಓಣಿ ಇನ್ನೂ ನೀರಿನೊಳಗೆ ಇತ್ತು. ಹೋದ ವರ್ಷ ಬಂದಿದ್ದರೆ ಕಾಣುತ್ತಿತ್ತು. ಮಾಮಾ ಅದನ್ನು ಹೇಳಲಿಲ್ಲ, ನಾನೂ ಹೇಳಲಿಲ್ಲ. ಹೇಳಿದ್ದರೆ ಆಯಿ "ಹೌದಲಾ" ಅಂತಿದ್ದಳು, ಅದು ನನಗೆ ಬೇಡವಾಗಿತ್ತು.

ಅವಳು ಅಳಲಿಲ್ಲ. ಗುಡಿಯ ಕಟ್ಟೆಯ ಮೇಲೆ ಕೂತು, ಕೋಲನ್ನು ನೀರಿನ ಕಡೆ ಚಾಚಿ ಹೇಳತೊಡಗಿದಳು. "ಇಲ್ಲಿಂದ ಇಳದ್ರ ಗೌಡರ ಮನಿ. ಅದರ ಬಾಜೂಕ ಬಡಿಗೇರರದು. ಅಲ್ಲೆ ನಾವು ಕೊಡ ಇಟ್ಟು ಮಾತಾಡ್ತಿದ್ವಿ." ಆ 'ನಾವು' ಯಾರು ಎಂದು ಈಗ ನನಗೆ ಗೊತ್ತಿತ್ತು. ಅದರಲ್ಲಿ ನಾನಿಲ್ಲ. ಅವಳೂ ಅವಳ ಓಣಿಯ ಹೆಂಗಸರೂ ಇದ್ದರು, ಅವರಲ್ಲಿ ಹೆಚ್ಚಿನವರು ಈಗಿಲ್ಲ. ಚೀಲದಿಂದ ನೋಟ್‌ಬುಕ್ಕು ತೆಗೆದೆ. ವಾಸಿ, ವಾಸಿಕುನ, ವಾಸಿಕುನಪಿ ಎಂದು ಬರೆದ ಹಾಳೆಯ ಮುಂದಿನ ಹಾಳೆ ಖಾಲಿ ಇತ್ತು. ಅವಳು ಹೇಳಿದಂತೆ ಒಂದೊಂದೇ ಮನೆ ಗುರುತು ಹಾಕುತ್ತ ಹೋದೆ. ಮನೆಯ ಹೆಸರು, ಬಾಗಿಲು ಯಾವ ದಿಕ್ಕಿಗೆ, ಯಾರ ಹಿತ್ತಲಲ್ಲಿ ಯಾವ ಮರ. ಮಾಮಾನೂ ಬಗ್ಗಿ ನೋಡಿ ಒಂದೆರಡು ಸೇರಿಸಿದ. ಮೂವತ್ತೇಳು ಮನೆಗಳಾದವು.

ಬಿಸಿಲೇರಿತು. ಹೊರಡೋಣವೇ ಎಂದೆ. ಆಯಿ ಎದ್ದು ನಿಂತು, ಇನ್ನೊಮ್ಮೆ ನೀರಿನ ಕಡೆ ನೋಡಿ, "ಮುಂದಿನ ವರ್ಷ ಇನ್ನಟ್ಟು ಇಳೀತಂದ್ರ ಮತ್ತ ಬರೂಣು" ಅಂದಳು.

ಓಲಂತಾಯ್‌ತಾಂಬೋದ ಹುಡುಗನಿಗೆ ಕೊಡಬೇಕಿದ್ದ ಉತ್ತರ ನನಗೆ ಆಗ ಹೊಳೆಯಿತು. ನಮ್ಮಲ್ಲಿ 'ನಾವು' ಒಂದೇ, ನಿಜ. ಆದರೆ ಹೋಗೂಣು, ಬರೂಣು, ಉಣ್ಣೂಣು ಎಂದು ನಾವು ಕೇಳುತ್ತಿರುವವರನ್ನು ಬಿಟ್ಟು ಹೇಳುವುದಿಲ್ಲ. ಆ ಮಾತು ಎದುರಿಗಿದ್ದವರ ಕೈ ಹಿಡಿದುಕೊಂಡೇ ಬರುತ್ತದೆ. ಹಿಂದಿನ ವರ್ಷ "ಇದ್ರ ಹೋಗೂಣಲಾ" ಅಂದಾಗಲೂ ಅವಳು ನನ್ನನ್ನು ಸೇರಿಸಿಯೇ ಹೇಳಿದ್ದಳು.

ಗಾಡಿಯ ಹತ್ತಿರ ಬಂದ ಮೇಲೆ ನಕ್ಷೆ ತೋರಿಸು ಅಂದಳು. ಓದಲು ಬಾರದವಳು, ಹಾಳೆಯನ್ನು ಹೊಳೆಯ ದಿಕ್ಕಿಗೆ ತಿರುಗಿಸಿ ಹಿಡಿದು, ಬೆರಳಿನಿಂದ ಓಣಿಯಲ್ಲಿ ನಡೆದಳು. ತನ್ನ ಮನೆಯ ಹಿಂದೆ ಬೆರಳು ನಿಂತಿತು.

"ಹುಣಸೀಮರ ಬಲಕ್ಕಲ್ಲವಾ, ಎಡಕ್ಕ. ಅಳಸಿ ಬರಿ."

ಅಳಿಸಿ ಬರೆದೆ.